ಸಪ್ಪೆ ಗಂಜಿಯ ನಲವತ್ತು ದಿನ

ನಮ್ಮ ಬೇಕರಿಯಲ್ಲಿ ಉಪ್ಪಿಗೇನೂ ಬರವಿರಲಿಲ್ಲ. ಮೈದಾ ಮೂಟೆಗಳ ಪಕ್ಕದಲ್ಲೇ ಅದರ ಮೂಟೆ. ಹಿಟ್ಟು ನಾದುವ ಹಿರಿಸೊಸೆ ನಾನು, ಅದಕ್ಕೆ ಕೈ ಹಾಕದ ದಿನವಿಲ್ಲ. ಅದೇ ಮನೆಯಲ್ಲಿ ಬಾಣಂತಿಗೆ ಮಾತ್ರ ನಲವತ್ತು ದಿನ ಉಪ್ಪು ತೋರಿಸುವಂತಿಲ್ಲ. ತಿಂದರೆ ಹಾಲು ಬತ್ತುತ್ತದಂತೆ. ಸಪ್ಪೆ ಗಂಜಿ, ಚೊಂಬುಗಟ್ಟಲೆ ಬಿಸಿನೀರು, ಭಟ್ಟಿಗೆ ಅಂಟಿಕೊಂಡ ಕೋಣೆ. ಬಾಣಂತಿ ಬೆಚ್ಚಗಿರಲಿ ಸರಿ, ಬೇಯಬೇಕೆಂದು ಯಾರು ಹೇಳಿದರೋ ನಾ ಕಾಣೆ.

ಈ ಸಲ ಒಳಗಿದ್ದವಳು ನನ್ನ ಓರಗಿತ್ತಿ. ಬಾಯಿ ಮುಚ್ಚದ ಹುಡುಗಿ, ನಾವೆಲ್ಲ ರೇಡಿಯೊ ಎನ್ನುತ್ತಿದ್ದೆವು. ಎರಡು ವಾರಕ್ಕೆಲ್ಲ ರೇಡಿಯೊ ಮೆತ್ತಗಾಯಿತು. ಮಧ್ಯಾಹ್ನ ಗಂಜಿ ಒಯ್ದರೆ, ಕಿಟಕಿಯ ಬೆಳಕಿನಲ್ಲಿ ಹಿಟ್ಟಿನ ದೂಳು ತೇಲುವುದನ್ನೇ ನೋಡುತ್ತ, ಬೆವರಿದ ಮಣಿಕಟ್ಟನ್ನು ನೆಕ್ಕುತ್ತಿದ್ದಳು.

“ಅಕ್ಕಾ, ಗೋಡೆ ಉಸಿರಾಡ್ತಿದೆ ನೋಡು. ನಾನು ಸಮುದ್ರದಲ್ಲಿ ತೇಲ್ತಾ ಇದೀನಿ. ನೀರು ಬಾಯೊಳಗೆ ಬರುತ್ತೆ. ಎಷ್ಟು ರುಚಿ ಅಂತೀಯಾ.”

ಅವಳ ಮಾತು ಕೇಳುತ್ತ ಕೇಳುತ್ತ ನನಗೂ ಆ ಗೋಡೆ ಮೆಲ್ಲಗೆ ಅಲುಗಿದಂತಾಯಿತು. ಹೋಗಿ ಅತ್ತೆಗೆ ಹೇಳಿದೆ.

“ನಾಲಿಗೆ ಚಪಲ, ಅಷ್ಟೆ. ನಾನು ನಾಲ್ಕು ಹೆತ್ತೆ, ನೀನು ಎರಡು ಹೆತ್ತೆ. ಉಪ್ಪಿಲ್ಲ ಅಂತ ಸತ್ವಾ?”

ನಾನು ತೆಪ್ಪಗಾದೆ. ಯಾಕೆಂದು ಹೇಳಲು ಇಂದಿಗೂ ನಾಚಿಕೆ, ಆದರೂ ಮುಂದೆ ಹೇಳುತ್ತೇನೆ.

ಮರುದಿನ ಅವಳು ಮಡಿಲಿನ ಕೂಸನ್ನು ನೋಡಿ, “ಇದು ಯಾರ ಮಗು, ಅಕ್ಕಾ? ಅಳ್ತಿದೆ, ಅವರಮ್ಮನಿಗೆ ಕೊಡು,” ಎಂದಳು. ಹಿಟ್ಟಿನ ಕೈಯಲ್ಲೇ ಓಡಿ ಎದುರುಮನೆಯ ನರ್ಸಮ್ಮನನ್ನು ಕರೆತಂದೆ.

“ಬೆವರಲ್ಲೂ ಉಪ್ಪು ಹೋಗುತ್ತೆ, ಹಾಲಲ್ಲೂ ಹೋಗುತ್ತೆ,” ಎಂದರು ಅವರು. “ಹೋದದ್ದನ್ನ ತುಂಬದೆ ಬರೀ ನೀರು ಕುಡಿಸಿದ್ರೆ ರಕ್ತದಲ್ಲಿರೋ ಉಪ್ಪೂ ತೆಳುವಾಗುತ್ತೆ, ತಲೆ ಕೆಡುತ್ತೆ. ಕೇಳ್ತಿರೋದು ಅವಳ ನಾಲಿಗೆಯಲ್ಲ, ಮೈ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು.”

ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ನಲವತ್ತು ದಿನ ಹೊಸ್ತಿಲು ದಾಟೋ ಹಾಗಿಲ್ಲ. ನಮಗ್ಯಾರಿಗೂ ಆಗದ್ದು ಇವಳೊಬ್ಬಳಿಗೆ ಯಾಕಂತೆ?”

“ನನಗೆ ಯಾಕಾಗಲಿಲ್ಲ ಅಂದ್ರೆ, ನಾನು ಕದ್ದು ತಿಂದೆ, ಅತ್ತೆ. ನಿಮ್ಮ ಮಗ ದಿನಾ ಜೇಬಲ್ಲಿ ತಂದುಕೊಡ್ತಿದ್ರು. ಈಗ ದಾರಿ ಬಿಡಿ.”

ಬೈಗುಳಕ್ಕೆ ಕಾದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು, “ನಾನು ದಿಂಬಿನೊಳಗೆ ಇಟ್ಕೊಂಡಿದ್ದೆ,” ಎಂದು ಪಕ್ಕಕ್ಕೆ ಸರಿದರು.

ನಾವಿಬ್ಬರೂ ಒಳಗೆ ಕದ್ದು ತಿಂದು, ಹೊರಗೆ ಬಂದು ಜಂಬ ಕೊಚ್ಚಿಕೊಂಡಿದ್ದೆವು. ಹಿರಿಯರ ಮಾತನ್ನು ನಿಜವಾಗಿ ಪಾಲಿಸಿದವಳು ಅವಳೊಬ್ಬಳೇ, ಸಾವಿನ ಬಾಗಿಲಿಗೆ ಹೋದವಳೂ ಅವಳೇ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಅವಳು ಮಗುವನ್ನು ಗುರುತಿಸಿದಳು. ಉಪ್ಪು ಹಾಕಿದ ಗಂಜಿಯನ್ನು ಅತ್ತೆಯೇ ಚಮಚದಲ್ಲಿ ಕುಡಿಸಿದರು. ಕಣ್ಣು ಮುಚ್ಚಿ ಚಪ್ಪರಿಸಿದವಳು ಆಮೇಲೆ ನಮ್ಮಿಬ್ಬರನ್ನೂ ನೋಡಿದಳು.

“ನೀವಿಬ್ರೂ ತಿಂದಿದ್ರಂತೆ, ನರ್ಸಮ್ಮ ಹೇಳಿದ್ರು. ನನಗ್ಯಾಕೆ ಹೇಳಲಿಲ್ಲ?”

ಅತ್ತೆ ಚಮಚವನ್ನು ಬಟ್ಟಲಲ್ಲಿಟ್ಟು ಸೆರಗಿನಿಂದ ಅವಳ ಬಾಯಿ ಒರೆಸಿದರು. ಓದುತ್ತಿರುವ ಅಕ್ಕಂದಿರೇ, ನಿಮ್ಮ ದಿಂಬಿನೊಳಗೆ ಏನಿತ್ತು ಎಂದು ನಿಮ್ಮ ಸೊಸೆಗೆ ಇವತ್ತೇ ಹೇಳಿಬಿಡಿ.