ನೋವು ನಿಂತಿತೆಂದು ಖುಷಿಪಟ್ಟ ದಿನ

ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ಇಪ್ಪತ್ತು ವರ್ಷ ಮೂಟೆ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತು. ನೋವು ಬಲಗಾಲಿಗೂ ಇಳಿಯಿತು. ಕೇಳಿದರೆ, "ಏನಿಲ್ಲ ಕಣೇ, ವಾಯು" ಎನ್ನುತ್ತಿದ್ದರು.

ಪಕ್ಕದ ಮನೆಯ ನರ್ಸಕ್ಕ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಹಿಟ್ಟು ಮಾಡಿಸಲು ಬಂದವಳು ಇವರ ನಡಿಗೆ ನೋಡಿದಳು.

"ಅಣ್ಣಾ, ನಮ್ಮಲ್ಲಿ ಸೊಂಟನೋವಿನ ಬಗ್ಗೆ ಸಂಶೋಧನೆ ನಡೀತಿದೆ. ಯಾರಿಗೆ ವ್ಯಾಯಾಮ ಸಾಕು, ಯಾರಿಗೆ ಆಪರೇಷನ್ ಬೇಕು ಅಂತ ಡಾಕ್ಟರು ನೋಡ್ತಿದ್ದಾರೆ. ನೀವೂ ಬನ್ನಿ."

"ನನ್ನನ್ನ ಪ್ರಯೋಗದ ಇಲಿ ಮಾಡ್ತೀಯೇನಮ್ಮಾ? ಗಿರಣಿ ತುಂಬ ಇಲಿಗಳಿವೆ, ಬೇಕಾದ್ರೆ ಹಿಡ್ಕೊಂಡು ಹೋಗು!"

ಅವಳು ನಕ್ಕಳು. "ನಿಮ್ಮ ಒಪ್ಪಿಗೆ ಇಲ್ದೆ ಏನೂ ಮಾಡಲ್ಲ ಅಣ್ಣಾ. ಬೇಡ ಅನ್ನಿಸಿದ ದಿನ ಬಿಟ್ಬಿಡಿ, ಚಿಕಿತ್ಸೆ ಏನೂ ನಿಲ್ಲಲ್ಲ."

ಅಂತೂ ಹೋದರು. ಡಾಕ್ಟರು ಪರೀಕ್ಷೆ ಮಾಡಿ, ವ್ಯಾಯಾಮ ಹೇಳಿಕೊಟ್ಟು, ಒಂದು ಪುಸ್ತಕ ಕೊಟ್ಟರು. ನೋವಿಗೆ ದಿನವೂ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯಬೇಕು. ಕೆಳಗೆ ಮೂರು ಪ್ರಶ್ನೆ: ಜೋಮು ಹಿಡಿದಿದೆಯೇ, ಕಾಲಿನ ಬಲ ಕುಂದಿದೆಯೇ, ಮೂತ್ರ ಕಟ್ಟುತ್ತಿದೆಯೇ? ಒಂದಕ್ಕಾದರೂ ಹೌದು ಎಂದಾದರೆ ತಕ್ಷಣ ಫೋನ್ ಮಾಡಿ ಎಂದು ನರ್ಸಕ್ಕ ಎರಡೆರಡು ಸಲ ಹೇಳಿದಳು.

ಇವರು ಹೇಳುವುದು, ನಾನು ಬರೆಯುವುದು. ಮುಖ ನೋಡಿದರೆ ಎಂಟು, ಬಾಯಲ್ಲಿ ಮಾತ್ರ "ನಾಲ್ಕು ಬರಿ, ಗಂಡಸಾದೋನು ಎಂಟು ಅಂದ್ರೆ ಚೆನ್ನಾಗಿರಲ್ಲ." ನಾನು ನಾಲ್ಕೇ ಬರೆದೆ. ಕೆಳಗಿನ ಪ್ರಶ್ನೆಗಳಿಗೆ ಇವರನ್ನು ಕೇಳದೆಯೇ "ಇಲ್ಲ" ಎಂದು ಗೀಚಿದೆ. ನಮ್ಮ ಸುಳ್ಳು ಅಂಕ ನಂಬಿ ಡಾಕ್ಟರು ವ್ಯಾಯಾಮವೇ ಸಾಕು ಎಂದರು.

ಮೂರನೇ ವಾರ ಒಂದು ಬೆಳಿಗ್ಗೆ ಇವರು ನಗುತ್ತ ಎದ್ದರು. "ಲೇ, ಕಾಲುನೋವು ಪೂರ್ತಿ ಹೋಯ್ತು ಕಣೇ! ಸೊನ್ನೆ ಬರಿ!"

ಬರೆದೆ. ಕಾಲು ವಾಸಿಯಾಗಿರಲಿಲ್ಲ, ಮರಗಟ್ಟಿತ್ತು. ಚಪ್ಪಲಿ ಕಳಚಿ ಬಿದ್ದರೂ ಇವರಿಗೆ ತಿಳಿಯುತ್ತಿರಲಿಲ್ಲ, ನಾನು ಅದನ್ನೂ ತಮಾಷೆ ಮಾಡಿದೆ.

ಎರಡು ದಿನದ ಮೇಲೆ ಪುಸ್ತಕ ನೋಡಲು ಬಂದ ನರ್ಸಕ್ಕನಿಗೆ ಖುಷಿಯಾಗಲಿಲ್ಲ. "ಅಣ್ಣಾ, ಹಿಮ್ಮಡಿ ಮೇಲೆ ನಿಂತ್ಕೊಳ್ಳಿ" ಎಂದಳು. ಬಲಗಾಲಿನ ಪಾದ ಮೇಲೇಳಲೇ ಇಲ್ಲ.

"ಮೂತ್ರ ಸರಿಯಾಗಿ ಹೋಗ್ತಿದ್ಯಾ?"

ಇವರು ತಲೆ ತಗ್ಗಿಸಿದರು. "ಅದನ್ನೆಲ್ಲ ಹೆಣ್ಮಕ್ಕಳ ಹತ್ರ ಹೇಗಮ್ಮಾ ಹೇಳೋದು? ಮೊನ್ನೆಯಿಂದ ತೊಟ್ಟು ತೊಟ್ಟು. ಕೂರೋ ಜಾಗವೂ ಜೋಮು."

ನನಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವತ್ತೇ ಸ್ಕ್ಯಾನ್, ಅವತ್ತೇ ಆಪರೇಷನ್. ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ ನರಗಳನ್ನು ಅದುಮಿತ್ತು. ಕಾಲಿಗೆ ಅರ್ಧ ಬಲ ಬಂತು. ಮೂತ್ರಕ್ಕೆ ಮಾತ್ರ ಇಂದಿಗೂ ನಳಿಕೆಯೇ ಗತಿ. ಕಾಲು ಮರಗಟ್ಟಿದ ಮೊದಲ ದಿನವೇ ಬಂದಿದ್ದರೆ ಇಷ್ಟು ಹಾನಿ ಆಗದೆ ಇರಬಹುದಿತ್ತು ಎಂದರು ಡಾಕ್ಟರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈಗ ಮೂಟೆ ಎತ್ತುವವನು ನನ್ನ ಮೈದುನ. ಇವರು ಸ್ಟೂಲಿನ ಮೇಲೆ ಕೂತು, ಸೊಂಟ ಹಿಡಿದುಕೊಂಡು ಬಂದವರನ್ನೆಲ್ಲ ತಡೆದು ಕೇಳುತ್ತಾರೆ: "ಮೂತ್ರ ಸರಿ ಹೋಗ್ತಿದ್ಯೇನಪ್ಪಾ? ನಾಚ್ಕೋಬೇಡ, ಹೇಳು." ಜನ ನಗುತ್ತಾರೆ. ಇವರು ನಗುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸೊಂಟನೋವು ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ, ಹೆದರಬೇಡಿ. ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮಲಮೂತ್ರದಲ್ಲಿ ವ್ಯತ್ಯಾಸ ಕಂಡರೆ ನಾಳೆ ನೋಡೋಣ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಮಗೆ ಎರಡು ದಿನ ಸಮಯವಿತ್ತು, ಕಳೆದುಕೊಂಡೆವು. ನೀವು ಕಳೆದುಕೊಳ್ಳಬೇಡಿ.