ಸಹಿಯ ಮೇಲಿನ ಭಂಡಾರ

ತನ್ನೂರು ತಿಕೋಂಡಿಯಿಂದ ಜತ್ತದವರೆಗೆ ಹಾಲವ್ವ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಯಾರೋ ಹಿಮ್ಮಡಿ ತುಳಿದು, ಒಡೆದ ಸೀಳಿನಿಂದ ರಕ್ತ ಜಿನುಗುತ್ತಿತ್ತು. ಬ್ಯಾಂಕಿನ ನುಣ್ಣನೆಯ ನೆಲಕ್ಕೆ ಕಲೆ ಬಿದ್ದೀತೆಂದು ಕಾಲ್ಬೆರಳ ತುದಿಯ ಮೇಲೆ ನಿಂತಳು.

“ಮಾವಶಿ, ನಿಮ್ಮ ಚೆಕ್ ಮತ್ತ ವಾಪಸ್ ಬಂದೈತ್ರಿ,” ಅಂದ ಗುಮಾಸ್ತ. “ನಿಮ್ಮ ಖಾತೆದಾಗಿಂದ ದಂಡಾನೂ ಕಟ್ ಆಗೇತಿ.”

“ಯಾಕ್ರಿ ಸಾಹೇಬ್ರ? ಆ ವ್ಯಾಪಾರಿ ಖಾತೆದಾಗ ರೊಕ್ಕ ಇಲ್ಲೇನ್ರಿ?”

“ಅದಲ್ರಿ. ಈಗ ಚೆಕ್ ಸಾಂಗ್ಲಿಗೆ, ಅವನ ಬ್ಯಾಂಕಿಗೆ ಹೋಗೂದಿಲ್ಲ. ಮಶಿನ್ ಅದರ ಫೋಟೋ ತಗೀತೈತಿ, ಫೋಟೋ ಅಷ್ಟ ಹೋಗತೈತಿ. ನಿಮ್ಮದರಾಗ ಸಹಿ ಮ್ಯಾಲ ಭಂಡಾರದ ಅರಿಶಿನ ಬಿದ್ದೈತಿ. ಫೋಟೋದಾಗ ಕರ್ರಗ ಕಾಣತೈತಿ. ಕಾಗದ ಸಮೇತ ಕಳಸ್ರಿ ಅಂತ ಅಲ್ಲಿಯವ್ರು ಬರದಾರ.”

“ಹಂಗಾರ ಕಾಗದ ಕಳಸ್ರಿ.”

“ಕಾಗದ ಕಳಸೂ ಪದ್ಧತಿನ ಬಂದ್ ಆಗೇತ್ರಿ.”

“ಕೇಳಾವ್ರೂ ನೀವ, ಇಲ್ಲನ್ನಾವ್ರೂ ನೀವ. ದಂಡ ನಂದೇನು?”

ಗುಮಾಸ್ತ ಚೆಕ್ಕನ್ನು ಅವಳತ್ತ ಸರಿಸಿದ. “ಹೊಸಾ ಚೆಕ್ ಬರಸ್ಕೊಂಡ ಬರ್ರಿ. ಮೂರ ತಿಂಗಳ ಮುಗದ್ರ ಇದು ನಡಿಯಾಂಗಿಲ್ಲ.”

ಆ ಚೆಕ್ಕು ಅವಳ ಕುರಿಗಳ ಬೆಲೆ; ತವರಿನವರು ಕೊಟ್ಟ ಒಂದು ಹೆಣ್ಣುಮರಿಯಿಂದ ಬೆಳೆದ ಕುರಿಗಳವು. ತನ್ನದು ಅಂತ ಅವಳಿಗಿದ್ದದ್ದು ಅಷ್ಟೇ. ಮಗಳು ಪೂನಮಳ ನರ್ಸಿಂಗ್ ಕಾಲೇಜಿನ ಫೀಗಾಗಿ ಎಲ್ಲವನ್ನೂ ಮಾರಿದ್ದಳು. ಶುಕ್ರವಾರದೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ.

ವ್ಯಾಪಾರಿ ವಿಜಯಕುಮಾರ ಚೆಕ್ಕು ಕೊಟ್ಟದ್ದು ಊರಿನ ಬೀರದೇವರ ಗುಡಿಯಲ್ಲಿ. ಹೆಬ್ಬೆರಳು ಒದ್ದೆ ಮಾಡಿಕೊಂಡು, ದೇವರ ಭಂಡಾರದ ಅರಿಶಿನದಲ್ಲಿ ಅದ್ದಿ, ಚೆಕ್ಕಿನ ಮೇಲೆ ತಾನೇ ಒತ್ತಿದ್ದ. “ಲಕ್ಷ್ಮಿ ಅದಾಳ, ದೇವರ ಹೆಸರಲೆ ತಗೋ ಅಕ್ಕಾ.” ಅವನ ಭಕ್ತಿ ಕಂಡು ಅವಳ ಕಣ್ಣು ತುಂಬಿತ್ತು. ಆಮೇಲೆ ಹೊಸ ಚೆಕ್ಕು ಕೇಳಿದಾಗಲೆಲ್ಲ ಅವನದು ಒಂದೇ ಮಾತು: “ನನ್ನ ಖಾತೆದಾಗ ರೊಕ್ಕ ಐತಿ. ಹೋಗಿ ಬ್ಯಾಂಕಿನವ್ರನ್ನ ಕೇಳು.”

ಹೊರಗೆ ಕಟ್ಟೆಯ ಮೇಲೆ ಅವಳ ಊರಿನವಳೇ ಆದ ಯಮನವ್ವ ಕುಳಿತಿದ್ದಳು. ಅವಳೂ ವಿಜಯಕುಮಾರನಿಗೆ ಕುರಿ ಕೊಟ್ಟವಳು. ಅವಳ ಕೈಯಲ್ಲೂ ಒಂದು ಚೆಕ್ಕು.

“ನಿಂದೂ ವಾಪಸ್ಸೇನಬೇ?”

“ಹೂಂನವಾ. ನನ್ನ ದೈವ.”

ಹಾಲವ್ವ ಎರಡನ್ನೂ ಪಕ್ಕಪಕ್ಕ ಹಿಡಿದಳು. ಎರಡರಲ್ಲೂ ಹಳದಿ ಹೆಬ್ಬೆಟ್ಟು ಸಹಿಯ ಮೇಲೆಯೇ. ಅಂದು ತುಂಬಿ ಬಂದಿದ್ದ ತನ್ನ ಕಣ್ಣು ನೆನಪಾಗಿ ಅವಳ ಮೈಯೆಲ್ಲ ಉರಿಯಿತು.

“ದೈವ ಅಲ್ಲಬೇ. ಭಕ್ತಿ ಕೈ ಆಗಿದ್ರ ಎಲ್ಲೆರೆ ಬೀಳತಿತ್ತು. ಇದು ಸಹಿನ ಹುಡಿಕ್ಕೊಂಡ ಬಿದ್ದೈತಿ. ಮೂರ ತಿಂಗಳ ಕಳೀಲಿ ಅಂತ ಕುಂತಾನ, ಭಾಡ್ಯಾ!”

ಮರುದಿನ ಗುಡಿಯ ಮುಂದೆ ಬಾಡಿಗೆ ಟೆಂಪೋದಲ್ಲಿ ವಿಜಯಕುಮಾರ ಕೊಂಡ ಊರಿನ ಮತ್ತಷ್ಟು ಕುರಿ ತುಂಬಿದ್ದವು. ಹಾಲವ್ವ ನೇರ ಹೋಗಿ ಹಿಂದಿನ ಬಾಗಿಲಿನ ಕೊಂಡಿ ಎಳೆದಳು. ಕುರಿ ದಬದಬ ಕೆಳಗೆ ಹಾರಿದವು.

“ಏ, ಹುಚ್ಚ ಹಿಡದೈತೇನ? ಪೊಲೀಸ್ರನ್ನ ಕರೀತೀನಿ!” ವಿಜಯಕುಮಾರ ಚೀರಿದ.

“ಕರಿಯೋ. ನಿನ್ನ ಹೆಬ್ಬೆಟ್ಟ ಅವ್ರೂ ನೋಡ್ಲಿ.”

ಸೀರೆ ಎತ್ತಿ ಕಟ್ಟಿ ಅವಳು ಹಿಕ್ಕೆಯ ಮೇಲೆಯೇ ಕಾಲಿಟ್ಟು ಟೆಂಪೋ ಹತ್ತಿದಳು. “ಫೋಟೋ ಕಳಿಸಿದ್ದು ಸಾಕು. ಇವತ್ತ ಕಾಗದ ಹೋಗತೈತಿ, ಅದರ ಜೋಡಿ ನಾವೂ. ನಡಿ ಸಾಂಗ್ಲಿಗೆ, ನಿನ್ನ ಬ್ಯಾಂಕಿಗೆ. ರೊಕ್ಕ ಕೈಗೆ ಬರೂತನಕ ನಿನ್ನ ಬಿಡಾಂಗಿಲ್ಲ.”

ಯಮನವ್ವ ಹತ್ತಿದಳು. ಕುರಿ ಕೊಟ್ಟ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹತ್ತಿದರು.

ಇವರನ್ನು ಕೆಳಗಿಳಿಸು ಎಂಬಂತೆ ವಿಜಯಕುಮಾರ ಚಾಲಕನ ಮುಖ ನೋಡಿದ. ಚಾಲಕ ಹಿಂದೆ ಬಂದು ಬಾಗಿಲಿನ ಕೊಂಡಿ ಹಾಕಿದ.

“ಗಟ್ಟ್ಯಾಗಿ ಹಿಡಕೊಳ್ರಿ ಅವ್ವಾರ,” ಅಂದ. “ರಸ್ತಾ ಭಾಳ ಖರಾಬ್ ಐತಿ.”