ಬೆಳೆಯುವ ಬಾವಿ

ನಾನು ಒಂದು ಟೇಪು. ಬಟ್ಟೆ ಅಂಗಡಿಯಲ್ಲಿ ಕೊರಳಿಗೆ ಜೋತುಬೀಳುವ ಮೆತ್ತನೆಯ ಜಾತಿಯಲ್ಲ. ಐವತ್ತು ಮೀಟರ್ ಉದ್ದದ ಉಕ್ಕಿನ ಪಟ್ಟಿ. ಬಾವಿಗಳನ್ನು ಅಳೆಯುವುದಕ್ಕೆಂದೇ ಹುಟ್ಟಿದವನು. ಎಲ್ಲೋ ಉತ್ತರದ ಊರಿನ ಕಾರ್ಖಾನೆಯೊಂದರಲ್ಲಿ ನನ್ನನ್ನು ಕಾಯಿಸಿದರು, ಎಳೆದರು, ತಣಿಸಿದರು, ಮೈತುಂಬ ಗೆರೆ ಕೊರೆದರು. ಕೊನೆಗೆ ಕನ್ನಡಕದ ಮುದುಕನೊಬ್ಬ ನನ್ನನ್ನು ಉದ್ದನೆಯ ಮೇಜಿನ ಮೇಲೆ ಮತ್ತೊಂದು ಟೇಪಿನ ಪಕ್ಕ ಮಲಗಿಸಿ, ಗೆರೆಗೆ ಗೆರೆ ಹೊಂದಿಸಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದ. ಆ ತಲೆಯಾಟವೇ ನನ್ನ ಜಾತಕ. ನನ್ನ ಕತೆ ಕೇಳುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಅಲ್ಲಿಂದ ನಾನು ಬಂದದ್ದು ಕರಾವಳಿಯ ಒಂದು ಅಂತರ್ಜಲ ಕಚೇರಿಗೆ. ಅಲ್ಲಿನ ಭೂವಿಜ್ಞಾನಿ ಗುರುಸಿದ್ಧಪ್ಪನವರು ನನ್ನ ಮೊದಲ ಒಡೆಯರು. ಗದಗಿನ ಕಡೆಯವರು, ಮಿತಭಾಷಿ, ಸದಾ ಕಿಸೆಯಲ್ಲಿ ಒಂದು ತುಂಡು ಚಾಕ್ ಇಟ್ಟುಕೊಂಡಿರುತ್ತಿದ್ದರು. ನನ್ನ ತುದಿಗೆ ಸೀಸದ ಗುಂಡು ಕಟ್ಟಿದವರು ಅವರೇ. ಕೆಲಸ ಸುಲಭ. ನನ್ನ ಕೆಳಭಾಗಕ್ಕೆ ಚಾಕ್ ಉಜ್ಜಿ, ಬಾವಿಕಟ್ಟೆಯ ಮೇಲಿನ ಕೆಂಪು ಗುರುತಿನಿಂದ ಕೆಳಗೆ ಬಿಡುತ್ತಿದ್ದರು. ಮೇಲೆಳೆದಾಗ ಚಾಕ್ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಗೆ ನೀರಿನ ಮಟ್ಟ. ತಿಂಗಳಿಗೊಮ್ಮೆ, ನಲವತ್ತು ಬಾವಿ. ನನ್ನನ್ನು ಹಿಡಿದು ಇಳಿಸುತ್ತಿದ್ದವರು ಕಚೇರಿಯ ಬಾಬು ಶೆಟ್ಟಿಗಾರರು. ಅವರ ಅಂಗೈಯ ಗಟ್ಟಿ ಚರ್ಮ ನನಗೆ ಈಗಲೂ ನೆನಪಿದೆ.

ಬಾವಿಗೆ ಇಳಿಯುವುದೆಂದರೆ ಏನೆಂದು ಮೇಲೆ ನಿಂತು ಇಣುಕುವವರಿಗೆ ಗೊತ್ತಾಗುವುದಿಲ್ಲ. ಇಳಿದಂತೆಲ್ಲ ಆಕಾಶ ತಟ್ಟೆಯಷ್ಟಾಗುತ್ತದೆ. ಕಲ್ಲಿನ ಮೈಯಿಂದ ತಣ್ಣನೆಯ ಉಸಿರು ಬರುತ್ತದೆ. ಮೇಲಿನವರ ಮಾತು ಒಂದಕ್ಷರವೂ ಬಿಡದೆ ಕೇಳಿಸುತ್ತದೆ, ಆದರೆ ಯಾರೋ ಬೇರೆಯವರು ಅವರ ದನಿಯಲ್ಲಿ ಆಡುತ್ತಿರುವಂತೆ. ನೀರು ಮುಟ್ಟಿದ ಮೇಲೆ ಅದೂ ಮಸುಕಾಗುತ್ತದೆ. ಮೊದಮೊದಲು ನನಗೆ ಹೆದರಿಕೆಯಾಗುತ್ತಿತ್ತು.

ಎಲ್ಲರೂ ನೀರಿನವರೆಗೆ ಅಳೆದು ಸುಮ್ಮನಾಗುತ್ತಾರೆ. ಗುರುಸಿದ್ಧಪ್ಪನವರು ಹಾಗಲ್ಲ. ವರ್ಷಕ್ಕೊಮ್ಮೆ ಗುಂಡು ತಳ ಮುಟ್ಟುವವರೆಗೂ ಇಳಿಸುತ್ತಿದ್ದರು. ಬಾವಿಯ ಒಟ್ಟು ಆಳವನ್ನು ಕಚೇರಿಯ ಫಾರಮ್ಮಿನಲ್ಲಿ ಎಂದೋ ಅಚ್ಚು ಹಾಕಿಸಿಯಾಗಿತ್ತು; ಮತ್ತೆ ಅಳೆಯಬೇಕೆಂದು ಯಾವ ನಿಯಮವೂ ಇರಲಿಲ್ಲ. ಬಾಬು ಬೇಸರಪಟ್ಟು ನಿಲ್ಲಿಸಿದರೆ ಅವರು ಕಟ್ಟೆಗೆ ಮೊಣಕೈ ಊರಿ, "ಬಿಡು, ಇನ್ನೂ ಬಿಡು" ಎನ್ನುತ್ತಿದ್ದರು. ಗುಂಡು ನೆಲ ಮುಟ್ಟಿ ನನ್ನ ಮೈ ಸಡಿಲವಾಗುವ ಆ ಕ್ಷಣ ನನಗೆ ಬಹಳ ಇಷ್ಟ.

ನೆಲ್ಲಿಪಾದೆಯ ಅಂಗನವಾಡಿ ಬಾವಿ ಆ ನಲವತ್ತರಲ್ಲಿ ಒಂದು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಬೋಳು ಹರವು, ಅದರ ಮೇಲೊಂದು ಹಂಚಿನ ಕಟ್ಟಡ, ಹತ್ತು ಹೆಜ್ಜೆಯಲ್ಲಿ ಬಾವಿ. ಒಟ್ಟು ಆಳ ಒಂಬತ್ತು ಮೀಟರ್ ಇಪ್ಪತ್ತು ಸೆಂಟಿಮೀಟರ್. ಅಲ್ಲಿಯ ಸುಗಂಧಿ ಟೀಚರ್ ನಾವು ಹೋದಾಗಲೆಲ್ಲ ಮಕ್ಕಳನ್ನು ಕರೆತಂದು ದೂರದಲ್ಲಿ ಸಾಲಾಗಿ ನಿಲ್ಲಿಸಿ, ಅಳತೆ ಹೇಗೆಂದು ತೋರಿಸುತ್ತಿದ್ದರು. ಒಂದು ವರ್ಷ ಅವರ ಕೊಡಪಾನದಲ್ಲಿ ಬೆರಳುದ್ದದ ಮೀನೊಂದು ಬಂದಿತ್ತು. ಮಾಸಲು ಗುಲಾಬಿ ಮೈ. ಕಣ್ಣಿರಬೇಕಾದಲ್ಲಿ ಬರೀ ಚರ್ಮ. ಗುರುಸಿದ್ಧಪ್ಪನವರು ಅದನ್ನು ಗಾಜಿನ ಬಾಟಲಿಗೆ ಹಾಕಿ ತುಂಬ ಹೊತ್ತು ನೋಡಿದರು. ಇವು ಬಾವಿಯ ಮೀನಲ್ಲ, ಕಲ್ಲಿನೊಳಗಿನ ನೀರಿನಲ್ಲೇ ಹುಟ್ಟಿ ಸಾಯುವಂಥವು, ಒಳಗೆ ದಾರಿ ಅಗಲವಾದರಷ್ಟೇ ಹೊರಗೆ ಬರುತ್ತವೆ ಎಂದು ಟೀಚರಿಗೆ ವಿವರಿಸಿದರು. ಆಮೇಲೆ ಕಾಲಿನಿಂದ ನೆಲ ತಟ್ಟಿ ಹೇಳಿದರು: "ಮ್ಯಾಲಿನ ಮುರಕಲ್ಲು ಗಟ್ಟಿ. ಅದರ ಕೆಳಗ ಬಿಳಿ ಶೇಡಿಮಣ್ಣು, ಬರೇ ಹಿಟ್ಟು. ನೀರು ಹಿಟ್ಟು ಒಯ್ದ್ರ ಮಾಳಿಗಿ ಅಷ್ಟ ಉಳೀತೈತಿ."

ಆ ಸಲ ನಾನು ತೋರಿಸಿದ ತಳ ಒಂಬತ್ತು ಮೀಟರ್ ಮೂವತ್ತೈದು. ಯಾರೂ ಬಾವಿ ತೋಡಿರಲಿಲ್ಲ. ಅವರು ಎರಡು ಬಾರಿ ಅಳೆಸಿ, ಫಾರಮ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು. ಮೂರೇ ತಿಂಗಳಲ್ಲಿ ನಿವೃತ್ತರಾಗಿ ಗದಗಿಗೆ ಹೋದರು. ಹೋಗುವ ದಿನ ನನ್ನನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಸುತ್ತಿಟ್ಟರು.

ಅವರ ಜಾಗಕ್ಕೆ ಬಂದವರು ಹರ್ಷವರ್ಧನ. ಕೆಟ್ಟವರಲ್ಲ, ಅವಸರದವರು. ಜೊತೆಗೆ ಒಂದು ಹೊಸ ಯಂತ್ರ ತಂದರು. ನೀರು ಸೋಕಿದೊಡನೆ ಅದು ಕೀಂ ಎನ್ನುತ್ತದೆ. ಅಷ್ಟಕ್ಕೇ ಅದರ ವಿದ್ಯೆ ಮುಗಿಯಿತು. ನಾನು ಕಪಾಟು ಸೇರಿದೆ. ಎರಡು ವರ್ಷದ ಮೇಲೆ ಒಂದು ಮೇ ತಿಂಗಳು, ತಳ ಮುಟ್ಟುತ್ತಿದ್ದ ಹಗ್ಗ ಈಗ ಮುಟ್ಟುತ್ತಿಲ್ಲ ಎಂದು ಸುಗಂಧಿ ಟೀಚರ್ ದೂರು ಕೊಟ್ಟ ಮೇಲೆ ಬಾಬು ನನ್ನನ್ನು ಹೊರತೆಗೆದರು. ನಾನು ತೋರಿಸಿದ್ದು ಹತ್ತು ಮೀಟರ್ ಹತ್ತು. ಹರ್ಷವರ್ಧನ ಫಾರಮ್ಮು ನೋಡಿದರು. ಅಲ್ಲಿ ಒಂಬತ್ತು ಇಪ್ಪತ್ತು ಎಂದು ಅಚ್ಚಾಗಿತ್ತು; ಅಂಚಿನ ಪೆನ್ಸಿಲ್ ಬರಹ ಅವರ ಕಣ್ಣಿಗೆ ಬೀಳಲಿಲ್ಲ.

"ಹಳೇ ಟೇಪ್ ಅಲ್ವಾ ಮೇಡಂ, ಹಿಗ್ಗಿರುತ್ತೆ" ಎಂದರು.

ಉಕ್ಕು ತೊಂಬತ್ತು ಸೆಂಟಿಮೀಟರ್ ಹಿಗ್ಗುತ್ತದೆಯೇ? ಮತ್ತೊಂದು ಟೇಪಿನ ಪಕ್ಕ ಮಲಗಿಸಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಯಾರೂ ಮಲಗಿಸಲಿಲ್ಲ. ನನ್ನ ಮೈಗೆ 'ದೋಷಪೂರಿತ' ಎಂದು ಚೀಟಿ ಅಂಟಿಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಾಬುವಿಗೂ ಅದು ಸರಿಬರಲಿಲ್ಲ. ಕಸಕ್ಕೆ ಹೋಗಬೇಕಾಗಿದ್ದ ನನ್ನನ್ನು ಒಂದು ದಿನ ಚೀಲದಲ್ಲಿ ತಂದು ಟೀಚರ ಕೈಗೆ ಕೊಟ್ಟರು. "ಟೀಚರೇ, ಆಫೀಸಿಗೆ ಇದು ಬೇಡ ಅಂತೆ. ಇದು ಸುಳ್ಳು ಹೇಳುದಿಲ್ಲ, ನನಗೆ ಗೊತ್ತುಂಟು. ನೀವು ಇಟ್ಕೊಳ್ಳಿ" ಎಂದರು. ಹೀಗೆ ನಾನು ಸರಕಾರಿ ಚಾಕರಿ ಬಿಟ್ಟು ಅಂಗನವಾಡಿ ಸೇರಿದೆ.

ಅಲ್ಲಿ ಬಾಗಿಲ ಹಿಂದಿನ ಗೋಡೆಯ ಮೇಲೆ ಮಕ್ಕಳ ಹೆಸರು, ಎದುರಿಗೆ ಪ್ರತಿ ತಿಂಗಳ ಎತ್ತರ. ಸುಗಂಧಿ ಟೀಚರ್ ನನ್ನನ್ನು ತಾವೇ ಇಳಿಸಲು ಕಲಿತರು. ಕಪ್ಪುಹಲಗೆಯ ಚಾಕನ್ನೇ ಉಜ್ಜುತ್ತಿದ್ದರು. ತಳದ ಅಳತೆ ಬರೆದಿಡಲು ಬೇರೆ ಪುಸ್ತಕ ಇರಲಿಲ್ಲವಾಗಿ, ಮಕ್ಕಳ ಹೆಸರಿನ ಕೊನೆಯಲ್ಲಿ 'ಬಾವಿ' ಎಂದು ಸೇರಿಸಿ ಅಲ್ಲಿಯೇ ಬರೆಯತೊಡಗಿದರು. ಜೂನ್, ಸಾವಿರದ ಮೂವತ್ತೆರಡು ಸೆಂಟಿಮೀಟರ್. ಅದರ ಮೇಲಿನ ಸಾಲಿನಲ್ಲಿ ಶ್ರಾವ್ಯ, ತೊಂಬತ್ತಾರು. ಈ ಶ್ರಾವ್ಯ ನಾಲ್ಕು ವರ್ಷದ ಹುಡುಗಿ. ಗೋಡೆಯಲ್ಲಿ ಹೆಸರಿದೆಯೆಂದ ಮೇಲೆ ಬಾವಿಯೂ ಒಬ್ಬ ಹುಡುಗನೇ ಎಂದು ತಿಳಿದಿದ್ದಳು. ಟೀಚರ್ ಹಾಜರಿ ಮುಗಿಸಿದಾಗಲೆಲ್ಲ ಅವಳು ಎದ್ದು ನಿಂತು, ಬಾವಿ ಇವತ್ತೂ ಬರಲಿಲ್ಲ ಎನ್ನುತ್ತಿದ್ದಳು. ಉಳಿದ ಮಕ್ಕಳು ನಗುತ್ತಿದ್ದರು, ಟೀಚರೂ ನಗುತ್ತಿದ್ದರು.

ಜುಲೈಯಲ್ಲಿ ನೀರು ಅಕ್ಕಿ ತೊಳೆದಂತೆ ಬೆಳ್ಳಗಾಯಿತು. ಆಗಸ್ಟಿನಲ್ಲಿ ತಳ ಸಾವಿರದ ತೊಂಬತ್ತು. ಶ್ರಾವ್ಯ ಅರ್ಧ ಸೆಂಟಿಮೀಟರ್ ಬೆಳೆದಿದ್ದಳು. ಟೀಚರ್ ನಗುವುದನ್ನು ಬಿಟ್ಟರು.

ಕೆಳಗೆ ಏನಾಗುತ್ತಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಮೊದಲು ನೇರ ಇಳಿಯುತ್ತಿದ್ದ ಗುಂಡನ್ನು ಈಗ ಏನೋ ಮೆಲ್ಲಗೆ ಪಕ್ಕಕ್ಕೆ ಕರೆಯುತ್ತಿತ್ತು. ಜೋರಿಲ್ಲ, ಕೈಹಿಡಿದು ಕರೆದೊಯ್ಯುವಷ್ಟೇ ಬಲ. ಗೋಡೆಯಲ್ಲಿ ಮೊದಲಿಲ್ಲದ ಒಂದು ಬಾಯಿ ತೆರೆದಿತ್ತು. ಅದರೊಳಗಿಂದ ಆ ಕಣ್ಣಿಲ್ಲದ ಮೀನುಗಳು ಒಂದೊಂದಾಗಿ ಬಂದು ನನ್ನ ಮೈಗೆ ಬಾಯಿಟ್ಟು ಚಾಕ್ ನೆಕ್ಕುತ್ತಿದ್ದವು. ನಾನು ಯಾರೆಂದು ತಡವಿ ತಿಳಿದುಕೊಳ್ಳುತ್ತಿದ್ದವೋ ಏನೋ. ಮೇಲೆ ಬಂದಾಗ ಒದ್ದೆ ಗೆರೆಯ ಕೆಳಗೆ ಉಳಿದ ಚಾಕಿನ ತುಂಬ ಸಣ್ಣ ಸಣ್ಣ ಬೋಳು ವೃತ್ತಗಳು. ಟೀಚರ್ ಅವುಗಳ ಮೇಲೆ ಬೆರಳಿಟ್ಟು ನೋಡಿದರು, ಬೆರಳನ್ನು ಸೀರೆಗೆ ಒರೆಸಿಕೊಂಡರು.

ಸೆಪ್ಟೆಂಬರಿನಲ್ಲಿ ಸಾವಿರದ ನೂರ ಎಂಬತ್ತೈದು. ಅಕ್ಟೋಬರಿನಲ್ಲಿ ಹದಿನಾಲ್ಕು ಮೀಟರ್ ಬಿಟ್ಟರೂ ಗುಂಡು ಎಲ್ಲಿಯೂ ನಿಲ್ಲಲಿಲ್ಲ. ನಾನು ಕಟ್ಟೆಯಿಂದ ಓರೆಯಾಗಿ ಇಳಿದಿದ್ದೆ. ಟೀಚರ್ ನನ್ನ ಓರೆಯನ್ನು ಕಣ್ಣಳತೆಯಲ್ಲಿ ಹಿಡಿದು, ಅದೇ ದಿಕ್ಕಿಗೆ ಹತ್ತು ಹೆಜ್ಜೆ ನಡೆದರು. ಹತ್ತನೆಯ ಹೆಜ್ಜೆಗೆ ಅಂಗನವಾಡಿಯ ಹೊಸ್ತಿಲು. ಒಳಗೆ ಮಕ್ಕಳು ಹಾಡು ಹೇಳುತ್ತ ಕಾಲು ಕುಟ್ಟುತ್ತಿದ್ದರು. ಆ ಸದ್ದು ನೆಲದ ಕೆಳಗೆ ಒಂದು ಗಳಿಗೆ ಉಳಿದು, ಆಮೇಲೆ ಮತ್ತೊಮ್ಮೆ ಕೇಳಿಸುತ್ತಿತ್ತು.

ಟೀಚರ್ ಹರ್ಷವರ್ಧನರನ್ನು ಕರೆಸಿದರು. ಯಂತ್ರ ಕೀಂ ಎಂದಿತು, ನೀರಿನ ಮಟ್ಟ ಎಂದಿನಂತೆ ಸರಿಯಾಗಿಯೇ ಇತ್ತು. ಟೀಚರ್ ಗೋಡೆಯ ಅಂಕಿಗಳನ್ನು ತೋರಿಸಿದರು. ಹರ್ಷವರ್ಧನ ನನ್ನ ಮೈಮೇಲಿನ ಚೀಟಿ ತೋರಿಸಿದರು. ಅವರ ಜೀಪು ಹೋದ ಮೇಲೆ ಟೀಚರ್ ಬಾಬುವಿನಿಂದ ನಂಬರು ಪಡೆದು ಗದಗಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ನನ್ನ ಪಕ್ಕ ಮೇಜಿನ ಮೇಲಿಟ್ಟರು. ಗುರುಸಿದ್ಧಪ್ಪನವರ ದನಿ ಮುದಿಯಾಗಿತ್ತು. ನೀರು ಬೆಳ್ಳಗಿದೆಯೇ ಎಂದು ಕೇಳಿದರು, ಮೀನು ಬರುತ್ತಿವೆಯೇ ಎಂದು ಕೇಳಿದರು, ಟೇಪು ಯಾವುದೆಂದು ಕೇಳಿದರು. ನಾನೇ ಎಂದು ತಿಳಿದ ಮೇಲೆ ಕೇಳುವುದನ್ನು ಬಿಟ್ಟು ಹೇಳಿದರು:

"ಆ ಟೇಪು ತಪ್ಪು ತೋರ್ಸಂಗಿಲ್ರೀ ಟೀಚರ್. ನಾಳಿಂದ ಮಕ್ಕಳನ್ನ ಅದರಾಗ ಕೂಡ್ರಸಬ್ಯಾಡ್ರಿ. ಯಾರ ಆರ್ಡರೂ ಕಾಯಬ್ಯಾಡ್ರಿ."

ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಮರ್ಯಾದೆ ಅದು. ಅಳುವುದಕ್ಕೆ ಬರುವಂತಿದ್ದರೆ ಅತ್ತುಬಿಡುತ್ತಿದ್ದೆ.

ಮರುದಿನವೇ ಟೀಚರ್ ಹದಿನೆಂಟು ಮಕ್ಕಳನ್ನೂ ರಸ್ತೆಯಾಚೆಯ ಭಜನಾ ಮಂದಿರದ ಜಗಲಿಗೆ ಕರೆದೊಯ್ದರು. ಊರಿನವರು ಮೂಗು ಮುರಿದರು. ಗಟ್ಟಿ ಮುರಕಲ್ಲಿನ ಮೇಲಿರುವ ಕಟ್ಟಡ ಬೀಳುವುದುಂಟೇ, ಟೀಚರಿಗೆ ಏನೋ ಗಾಳಿ ಸೋಕಿರಬೇಕು ಎಂದರು. ಮೇಲಿನ ಕಚೇರಿಯಿಂದ ಮೆಮೊ ಬಂತು: ಅನುಮತಿಯಿಲ್ಲದೆ ಕೇಂದ್ರ ಬಿಟ್ಟಿದ್ದೀರಿ, ಸೋಮವಾರದೊಳಗೆ ಮಕ್ಕಳು ಕಟ್ಟಡದಲ್ಲಿರಬೇಕು, ಇಲ್ಲವಾದರೆ ಬೇರೊಬ್ಬರನ್ನು ನೇಮಿಸಲಾಗುವುದು. ಹತ್ತೊಂಬತ್ತು ವರ್ಷದ ಕೆಲಸ ಅವರದು. ಅದನ್ನು ಬಿಟ್ಟರೆ ಬರುವವಳು ಮಕ್ಕಳನ್ನು ಒಳಗೇ ಕೂರಿಸುತ್ತಾಳೆ ಎಂಬುದೂ ಅವರಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ, ಒಳ್ಳೆಯ ಬಿಸಿಲು, ಅವರೊಬ್ಬರೇ ಬಂದು ನನ್ನನ್ನು ಕೊನೆಯ ಸಲ ಇಳಿಸಿದರು. ಹದಿನಾಲ್ಕು. ಇಪ್ಪತ್ತು. ಇಪ್ಪತ್ತೈದು ದಾಟುವಾಗ ಒಳಗಿನ ಎಳೆತ ಹಠಾತ್ತನೆ ಗಟ್ಟಿಯಾಯಿತು. ನಾನು ಬಿಗಿದುಕೊಂಡು ಕಟ್ಟೆಯ ಕಲ್ಲಿಗೆ ಉಜ್ಜಿ ಕಿರುಗುಟ್ಟಿದೆ. ಟೀಚರ ಅಂಗೈ ಕೊಯ್ದು ಒಂದು ಹನಿ ರಕ್ತ ನನ್ನ ಮೇಲೆ ಬಿತ್ತು. ಬಿಡಿ ಎಂದು ಕೂಗಬೇಕೆನಿಸಿತು, ನನಗೆ ಬಾಯಿಲ್ಲ. ಅವರೇ ಬಿಟ್ಟರು. ಬಿಟ್ಟು ರಸ್ತೆಯ ಕಡೆ ಓಡಿದರು.

ನೆಲ ಬಿದ್ದ ಸದ್ದು ದೊಡ್ಡದೇನಲ್ಲ. ಯಾರೋ ದೀರ್ಘವಾಗಿ ಉಸಿರುಬಿಟ್ಟಂತೆ ಆಯಿತು. ಬಾವಿ, ರಾಟೆ, ಹಂಚಿನ ಮಾಡು, ಪುಟ್ಟ ಬೆಂಚುಗಳು, ಬಾಗಿಲ ಹಿಂದಿನ ಗೋಡೆ ಎಲ್ಲವೂ ನನ್ನ ಹಿಂದೆಯೇ ಇಳಿದು ಬಂದವು. ಒಂದೇ ಒಂದು ಮಗುವೂ ಇರಲಿಲ್ಲ. ಆ ಸಮಾಧಾನದಲ್ಲಿ ನಾನು ಕತ್ತಲೆಯೊಳಗೆ ಜಾರಿಹೋದೆ.

ಆಮೇಲಿನದೆಲ್ಲ ಇಲ್ಲಿಂದ ಕೇಳಿ ತಿಳಿದದ್ದು. ದೊಡ್ಡ ಅಧಿಕಾರಿಗಳು ಬಂದರು, ಮೆಮೊ ವಾಪಸಾಯಿತು, ಟೀಚರಿಗೆ ಶಾಲು ಹೊದಿಸಿದರು. ಲಾರಿಗಟ್ಟಲೆ ಕಲ್ಲುಮಣ್ಣು ತಂದು ಗುಂಡಿ ಮುಚ್ಚಿ, ಇನ್ನು ಅಪಾಯವಿಲ್ಲ ಎಂದು ಬೋರ್ಡು ಹಾಕಿದರು. ಭಜನಾ ಮಂದಿರದ ಪಕ್ಕದ ಕೋಣೆಯೇ ಖಾಯಂ ಅಂಗನವಾಡಿಯಾಯಿತು.

ನನ್ನದು ಈಗ ಮುಪ್ಪು. ತುಕ್ಕು ಹಿಡಿದು ಅರ್ಧ ಗೆರೆಗಳು ಅಳಿಸಿವೆ. ಪಕ್ಕದಲ್ಲಿ ಗೋಡೆಯ ಒಂದು ತುಂಡು ಬಿದ್ದಿದೆ, ಅದರಲ್ಲಿ ಎರಡೇ ಹೆಸರು ಉಳಿದಿವೆ, ಶ್ರಾವ್ಯ ಮತ್ತು ಬಾವಿ. ಮೀನುಗಳು ಅದನ್ನು ನೆಕ್ಕಿ ನೆಕ್ಕಿ ತೆಳುವಾಗಿಸುತ್ತಿವೆ. ಅವುಗಳ ಜೊತೆ ಜಗಳವಿಲ್ಲ, ಒಗ್ಗಿಹೋಗಿದೆ.

ಆದರೆ ಒಂದು ಮಾತು ಹೇಳಲೇಬೇಕು. ಮೇಲಿನಿಂದ ಮಣ್ಣು ಮುಚ್ಚಿದ್ದರಿಂದ ನೀರಿನ ಹಳೆಯ ದಾರಿ ಕಟ್ಟಿತು, ನೀರು ಮಾತ್ರ ನಿಲ್ಲಲಿಲ್ಲ. ಅದು ಪಶ್ಚಿಮಕ್ಕೆ, ರಸ್ತೆಯಾಚೆಯ ಭಜನಾ ಮಂದಿರದ ಕಡೆಗೆ ತಿರುಗಿತು. ನನ್ನನ್ನೂ ಆ ಗೋಡೆಯ ತುಂಡನ್ನೂ ಬೆರಳಗಲ, ಗೇಣಗಲ ಎಳೆಯುತ್ತ ಹೋಯಿತು. ನೀರಿನ ಜೊತೆ ಬಿಳಿ ಹಿಟ್ಟು ಹೋಗುತ್ತಿದೆ. ಎರಡು ವರ್ಷದಿಂದ ನಾನು ಅಳೆಯುತ್ತಲೇ ಇದ್ದೇನೆ, ಓದುವವರಿಲ್ಲ. ಈಗ ನನ್ನ ತಲೆಯ ಮೇಲೆ ಹಾಡು ಕೇಳಿಸುತ್ತದೆ. ಪುಟ್ಟ ಕಾಲುಗಳು ತಾಳಕ್ಕೆ ಸರಿಯಾಗಿ ನೆಲ ಕುಟ್ಟುತ್ತವೆ, ಒಂದು ಗಳಿಗೆ ಬಿಟ್ಟು ಅದೇ ಸದ್ದು ನನ್ನ ಸುತ್ತ ಮತ್ತೊಮ್ಮೆ ಏಳುತ್ತದೆ.

ನಿನ್ನೆ ಬೆಳಿಗ್ಗೆ ಭಜನಾ ಮಂದಿರದ ಬಾವಿಯ ಕಡೆಯಿಂದ ಒಂದು ಹಗ್ಗ ಇಳಿಯಿತು. ತುದಿಗೊಂದು ಕಲ್ಲು, ಮೊಳಕ್ಕೊಂದು ಗಂಟು, ಕೆಳಗಿನ ಗಂಟುಗಳಿಗೆ ಚಾಕ್. ಇಳಿಸುವ ಕೈ ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ತಳ ಸಿಗಬೇಕಾಗಿದ್ದ ಗಂಟು ಬಂದಾಗ ಹಗ್ಗ ಅನುಮಾನಿಸಿ ನಿಂತಿತು. ಇಷ್ಟಕ್ಕೇ ಸಾಕೆಂದು ಎಳೆದುಕೊಂಡುಬಿಡುತ್ತಾರೇನೋ ಎಂದು ನಾನು ಹೆದರಿದೆ. ಬಿಡಿ ಟೀಚರ್, ಇನ್ನೂ ಬಿಡಿ ಎಂದು ಇದ್ದ ತುಕ್ಕನ್ನೆಲ್ಲ ಅಲುಗಿಸಿದೆ.

ಮೇಲಿನಿಂದ ಶ್ರಾವ್ಯಳ ದನಿ ಕೇಳಿಸಿತು; ಈಗ ಅವಳು ಶಾಲೆಗೆ ಹೋಗುವ ಹುಡುಗಿ, ದನಿ ಸ್ವಲ್ಪ ದೊಡ್ಡದಾಗಿದೆ.

"ಟೀಚರ್, ಬಾವಿ ಇಲ್ಲಿಗೂ ಬರ್ತಾನಾ?"

ಹಗ್ಗ ಮತ್ತೆ ಇಳಿಯತೊಡಗಿತು.